ಗೇರಿಗೂ ಊದದ ಕೈ

ಜನ್ನಾಪುರ, ಭದ್ರಾವತಿ
12 ಸೆಪ್ಟೆಂಬರ್ 1960

ಅಪ್ಪಾಜಿಯ ಪಾದಕ್ಕೆ ರಾಜೇಶ್ವರಿಯ ಶರಣು.

ಅಕ್ಷರ ನೋಡಿದ ಕೂಡಲೇ ನಿಮಗೆ ಗೊತ್ತಾಗಿರಬೇಕು. ಹೌದು, ನಾನೇ ಬರೆದದ್ದು. ಒಂದೂವರೆ ವರ್ಷದಿಂದ ನಾನು ಹೇಳಿ ನಿಮ್ಮ ಅಳಿಯಂದಿರು ಬರೆಯುತ್ತಿದ್ದರು. ನಾನು ಹೇಳಿದ್ದು ಅರ್ಧ, ಅವರು ಸೇರಿಸಿದ್ದು ಅರ್ಧ. ನಾನು ಹೇಳದ ನಮಸ್ಕಾರಗಳನ್ನೆಲ್ಲ ನೀವು ತೆಗೆದುಕೊಂಡಿದ್ದೀರಿ, ಇನ್ನು ಮೇಲೆ ನಾನು ಬರೆದಷ್ಟೇ ಸಿಗುತ್ತವೆ.

ಇವತ್ತು ಕಾರ್ಖಾನೆಯ ಮೊದಲ ಕೂಗಿಗೆ ಎದ್ದೆ. ಎರಡು ಕೊಡ ನೀರು ಸೇದಿದೆ. ರೊಟ್ಟಿ ತಟ್ಟಿದೆ. ತಲೆ ನಾನೇ ಬಾಚಿ ಜಡೆ ಹಾಕಿಕೊಂಡೆ. ಪಕ್ಕದ ಮನೆ ಮಾಸ್ತಮ್ಮ ಬಾಗಿಲಲ್ಲಿ ನಿಂತು ನೋಡಿ, "ಏನ್ರೀ, ರಾತ್ರೋರಾತ್ರಿ ಯಾವ ದೇವ್ರು ಬಂದಿದ್ದ ನಿಮ್ಮನೇಗೆ?" ಅಂದಳು. "ದೇವ್ರಲ್ಲ ಮಾರಾಯ್ತಿ, ನಮ್ಮಪ್ಪಾಜಿ ಪುಡಿ" ಅಂದೆ.

ಬೆರಳಿನ ಬಾವು ಇಳಿದಿದೆ. ಮಂಡಿ ಮಡಚುತ್ತದೆ. ಪುಡಿಯನ್ನು ಎರಡು ಹೊತ್ತೂ ಬಿಸಿ ಹಾಲಿಗೆ ಹಾಕಿ ತಪ್ಪದೆ ಕುಡಿಯುತ್ತಿದ್ದೇನೆ. ಡಬ್ಬಿ ಮುಗಿಯುತ್ತ ಬಂತು, ಬಾಬು ಸಾಬರ ಬಸ್ಸಿನಲ್ಲಿ ಇನ್ನೊಂದು ಕಳಿಸಿ.

ನಿಮ್ಮ ಮಗಳು,
ರಾಜಿ


ಕೋಟೆ ರಸ್ತೆ, ಶಿವಮೊಗ್ಗ
17 ಸೆಪ್ಟೆಂಬರ್ 1960

ಮಗಳು ರಾಜಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಮೂರು ಸಲ ನೋಡಿದೆ, ಆಮೇಲೆ ಓದಿದೆ. ರ ಅಕ್ಷರ ಇನ್ನೂ ಸೊಟ್ಟಗಿದೆ. ಅದು ವಾತದಿಂದ ಬಂದದ್ದಲ್ಲ, ಎರಡನೇ ಕ್ಲಾಸಿನಿಂದ ಬಂದದ್ದು, ಅದಕ್ಕೆ ನನ್ನ ಹತ್ತಿರ ಪುಡಿ ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತ ಊರವರು ನನ್ನ ಮುಖದ ಎದುರಿಗೇ ಗಾದೆ ಹೇಳಿದ್ದುಂಟು. "ಪಂಡಿತರೇ, ಊರಿಗೆಲ್ಲ ಕೊಡ್ತೀರಿ, ಮಗಳಿಗೇ ನಾಟ್ತಿಲ್ವಲ್ಲ" ಅಂತ. ಒಂದೂವರೆ ವರ್ಷ ಅದನ್ನು ಕೇಳಿಸಿಕೊಂಡೆ. ಮೊನ್ನೆ ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸಿನ ವಾಸನೆಗೇ ಹೊಟ್ಟೆ ತೊಳಸುವವನು ನಾನು, ಆದರೂ ಹೋಗಿ, ಬಾಬು ಸಾಬ್ ಸ್ಟಿಯರಿಂಗ್ ಹಿಡಿದು ಕೂತಿದ್ದ ಹಾಗೆಯೇ ನಿಲ್ಲಿಸಿ ಓದಿ ಹೇಳಿದೆ. ಅವನ ಹೆಂಡತಿ ಅಮೀರುನ್ನೀಸಾಗೂ ನಿನ್ನದೇ ತೊಂದರೆ. ಬೆಳಗ್ಗೆ ಕೈ ಮುಷ್ಟಿ ಆಗುವುದಿಲ್ಲ. ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳುತ್ತಿದ್ದಳು. "ಪಂಡಿತ್‌ಜೀ, ನಿಮ್ಮ ಮಗಳಿಗೇ ಆಗಿದೆ ಅಂದ್ಮೇಲೆ ಇನ್ನೇನ್ ಬೇಕು, ಅವಳಿಗೂ ಕೊಡಿ" ಅಂದ. ಕೊಟ್ಟಿದ್ದೇನೆ. ಸೂಜಿ ನಿಲ್ಲಿಸಿದ್ದಾಳೆ.

ನಿಮ್ಮವ್ವನಿಗೂ ಇದೇ ಪುಡಿಯಲ್ಲಿ ಕಡಿಮೆಯಾಗಿತ್ತು. ಕೊನೆಗೆ ಎದೆ ಕೈಕೊಟ್ಟಿತು, ಅದು ಬೇರೆ ಮಾತು. ಅವಳಿದ್ದಿದ್ದರೆ ಇವತ್ತು ಹೋಳಿಗೆ ಮಾಡುತ್ತಿದ್ದಳು.

ಹುಳಿ, ಬದನೆಕಾಯಿ ಮುಟ್ಟಬೇಡ. ಡಬ್ಬಿ ಕಳಿಸಿದ್ದೇನೆ.

ಶಿವಯೋಗಪ್ಪ


ಜನ್ನಾಪುರ
2 ಅಕ್ಟೋಬರ್ 1960

ಅಪ್ಪಾಜಿ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ ಅಂತ ಬರೆಯುವಾಗಲೇ ಗೊತ್ತಾಗುತ್ತಿದೆ. ಆದರೂ ಎಲ್ಲಾದರೂ ಒಂದು ಕಡೆ ನಿಜ ಬರೆದಿಡಬೇಕು, ಇಲ್ಲದಿದ್ದರೆ ನನಗೇ ಮರೆತುಹೋಗುತ್ತದೆ.

ನಿಮ್ಮ ಪುಡಿಯಿಂದ ನನಗೆ ಕಡಿಮೆಯಾಗಿಲ್ಲ.

ಭಾದ್ರಪದದಲ್ಲಿ ಒಂದು ದಿನ ಲೋಟ ಎತ್ತಲಾಗದೆ ಬಾಗಿ ನಾಯಿಯ ಹಾಗೆ ಬಾಯಿ ಹಾಕಿ ನೀರು ಕುಡಿದೆ. ಇವರು ನೋಡಿಬಿಟ್ಟರು. ಅವತ್ತೇ ಡಾಕ್ಟರ್ ತ್ರಿವಿಕ್ರಮ ಅವರ ದವಾಖಾನೆಗೆ ಕರೆದುಕೊಂಡು ಹೋದರು. ಪ್ರೆಡ್ನಿಸೊಲೋನ್ ಅಂತ ಪುಟ್ಟ ಬಿಳಿ ಮಾತ್ರೆ, ದಿನಕ್ಕೆ ಆರು. ಮೂರನೇ ದಿನ ಜಡೆ ಹಾಕಿಕೊಂಡೆ ಅಪ್ಪಾಜಿ. ಕನ್ನಡಿ ಮುಂದೆ ಕೂತು ಅತ್ತೆ.

ಡಾಕ್ಟರು ಆಗಲೇ ಹೇಳಿದ್ದರು: "ನೋಡಮ್ಮ, ನಿನ್ನ ಮೈ ನಿನ್ನ ಕೀಲನ್ನೇ ಪರರದು ಅಂತ ತಿಳ್ಕೊಂಡು ಜಗಳಕ್ಕೆ ಬಿದ್ದಿದೆ. ಈ ಮಾತ್ರೆ ಜಗಳ ಬಿಡಿಸಲ್ಲ, ಜಗಳ ಆಡೋರ ಕೈ ಕಟ್ಟುತ್ತೆ ಅಷ್ಟೆ. ಹದಿನೈದು ದಿನಕ್ಕೆ ಬಾ, ಇಳಿಸ್ತಾ ಹೋಗೋಣ." ನಾನು ಹೋಗಲಿಲ್ಲ. ಇಳಿಸಿಬಿಟ್ಟರೆ ಅಂತ ಹೆದರಿಕೆ. ಹಳೇ ಚೀಟಿ ತೋರಿಸಿದರೆ ಔಷಧಿ ಅಂಗಡಿಯಲ್ಲಿ ಕೊಡುತ್ತಾರೆ.

ನಿಮ್ಮ ಪುಡಿಯನ್ನೂ ಕುಡಿಯುತ್ತೇನೆ. ಅದೂ ಸುಳ್ಳಾಗಬಾರದು ಅಂತ. ಈಗ ಅಮೀರುನ್ನೀಸಾ ಅವರು ಸೂಜಿ ನಿಲ್ಲಿಸಿದ್ದಾರೆ ಅಂತ ಓದಿದಾಗಿನಿಂದ ಊಟ ಸೇರುತ್ತಿಲ್ಲ ಅಂತ ಬರೆಯಬೇಕು ಅನ್ನಿಸುತ್ತದೆ, ಆದರೆ ಅದೂ ಸುಳ್ಳು. ಈ ಮಾತ್ರೆಗೆ ಎಲ್ಲಿಲ್ಲದ ಹಸಿವು. ಪಾಪ ಮಾಡಿ ಮೂರು ರೊಟ್ಟಿ ಜಾಸ್ತಿ ತಿನ್ನುತ್ತಿದ್ದೇನೆ.

ಹೇಗೆ ಹೇಳಲಿ ನಿಮಗೆ?


ಜನ್ನಾಪುರ
4 ಅಕ್ಟೋಬರ್ 1960

ಅಪ್ಪಾಜಿಯ ಪಾದಕ್ಕೆ ಶರಣು.

ಡಬ್ಬಿ ತಲುಪಿತು. ನಾನು ಚೆನ್ನಾಗಿದ್ದೇನೆ. ಒಂದು ಮಾತು. ಅಮೀರುನ್ನೀಸಾ ಅವರು ಆಸ್ಪತ್ರೆಯದನ್ನು ಪೂರ್ತಿ ಬಿಡುವುದು ಬೇಡ, ಎರಡೂ ನಡೆಯಲಿ. ಒಬ್ಬೊಬ್ಬರ ಮೈ ಒಂದೊಂದು ಥರ ಅಂತ ನೀವೇ ಹೇಳುತ್ತಿದ್ದಿರಿ. ದಯವಿಟ್ಟು ಅವರಿಗೆ ಹೇಳಿ.

ರಾಜಿ


ಕೋಟೆ ರಸ್ತೆ, ಶಿವಮೊಗ್ಗ
11 ಅಕ್ಟೋಬರ್ 1960

ಮಗಳಿಗೆ ಆಶೀರ್ವಾದ.

ಎರಡು ದೋಣಿಯಲ್ಲಿ ಕಾಲಿಟ್ಟವನನ್ನು ತುಂಗೆ ಯಾವತ್ತೂ ದಾಟಿಸಿಲ್ಲ. ವೈದ್ಯ ಯಾರು, ನೀನೋ ನಾನೋ? ನಿನಗೆ ಗುಣವಾದ ಮೇಲೆ ನಾಲಿಗೆಯೂ ಚುರುಕಾಗಿದೆ, ಸಂತೋಷ.

ಅಮೀರುನ್ನೀಸಾ ಮೊನ್ನೆ ಬಂದಿದ್ದಳು. "ಸ್ವಲ್ಪ ಕಡಿಮೆ ಪಂಡಿತ್‌ಜೀ" ಅಂದಳು. ಮೂರು ವಾರಕ್ಕೆ ಸ್ವಲ್ಪ ಅಂದರೆ ಮೂರು ತಿಂಗಳಿಗೆ ಪೂರ್ತಿ.

ಶಿವಯೋಗಪ್ಪ


ಜನ್ನಾಪುರ
20 ಡಿಸೆಂಬರ್ 1960

ಅಪ್ಪಾಜಿಯ ಪಾದಕ್ಕೆ ಶರಣು.

ಬರೆಯುವುದು ತಡವಾಯಿತು. ಬೇಸರ ಮಾಡಿಕೊಳ್ಳಬೇಡಿ, ಕೆಲಸ ಜಾಸ್ತಿ. ಕೈ ಬಂದ ಮೇಲೆ ಕೆಲಸವೂ ತಾನಾಗಿ ಬಂತು.

ನನ್ನನ್ನು ಈಗ ನೋಡಿದರೆ ನೀವು ಗುರುತು ಹಿಡಿಯುವುದಿಲ್ಲ. ಮುಖ ತುಂಬಿಕೊಂಡು ಗುಂಡಗಾಗಿದೆ. "ಹುಣ್ಣಿಮೆ ಚಂದ್ರ" ಅಂತ ನಿಮ್ಮ ಅಳಿಯಂದಿರು ಹೊಗಳುತ್ತಾರೆ, ಬಳೆ ಮಾತ್ರ ಏರುವುದಿಲ್ಲ. ಎರಡು ವಾರದಿಂದ ಕೆಮ್ಮು. ಚಳಿಯದ್ದಿರಬೇಕು. ಜ್ವರ ಇಲ್ಲ, ಹಾಗಾಗಿ ಯೋಚನೆಯೂ ಇಲ್ಲ.

ಅಮೀರುನ್ನೀಸಾ ಅವರು ಹೇಗಿದ್ದಾರೆ?

ರಾಜಿ


ಕೋಟೆ ರಸ್ತೆ, ಶಿವಮೊಗ್ಗ
3 ಜನವರಿ 1961

ಮಗಳಿಗೆ ಆಶೀರ್ವಾದ.

ಕೆಮ್ಮಿಗೆ ಆಡುಸೋಗೆ ಎಲೆಯ ರಸಕ್ಕೆ ಜೇನು ಹಾಕಿ ತೆಗೆದುಕೋ. ಹುಣ್ಣಿಮೆ ಚಂದ್ರ ಅಮಾವಾಸ್ಯೆಗೆ ಇಳಿಯಲೇಬೇಕು ಅಂತ ಅಳಿಯಂದಿರಿಗೆ ಹೇಳು, ನೀನು ರೊಟ್ಟಿ ಕಡಿಮೆ ಮಾಡು.

ಅಮೀರುನ್ನೀಸಾ "ಪರವಾಗಿಲ್ಲ" ಅನ್ನುತ್ತಾಳೆ. ನಿನ್ನಷ್ಟು ಬೇಗ ಹಿಡಿದಿಲ್ಲ. ಪುಡಿಗೆ ಹಾಕುವ ಕರಿಗೇರು ಹಳತಾಗಿರಬೇಕು, ಹೊಸದು ಬೇಕು. ಮಾಸ್ತಮ್ಮನ ತವರು ಉಂಬ್ಳೇಬೈಲಿನ ಕಡೆ ತಾನೆ? ಅಲ್ಲಿಯ ಕಾಡಿನಿಂದ ಒಂದು ಚೀಲ ಕರಿಗೇರು ತರಿಸಿ ಬಾಬು ಸಾಬನ ಬಸ್ಸಿನ ಮೇಲೆ ಹಾಕಿಸಲಿ. ನೀನು ಅದರ ಹತ್ತಿರ ಸುಳಿಯಬೇಡ. ಅಗಸರು ಬಟ್ಟೆಗೆ ಒಂದು ಚುಕ್ಕೆ ಗೇರಿನ ಗುರುತು ಹಾಕಿದ್ದಕ್ಕೇ ಕುತ್ತಿಗೆ ಊದಿಸಿಕೊಂಡವಳು ನೀನು.

ಶಿವಯೋಗಪ್ಪ


ಜನ್ನಾಪುರ
9 ಫೆಬ್ರವರಿ 1961

ಅಪ್ಪಾಜಿಯ ಪಾದಕ್ಕೆ ಶರಣು.

ಗೇರಿನ ಚೀಲ ನಾಳೆ ನಿಮಗೆ ತಲುಪುತ್ತದೆ. ಅದರ ಜೊತೆ ಒಂದು ಸುದ್ದಿ, ನೀವು ಕೂತುಕೊಂಡು ಓದಿ.

ಹೋದ ಶನಿವಾರ ಮಾಸ್ತಮ್ಮನ ಅಣ್ಣ ಚೀಲವನ್ನು ನಮ್ಮ ಜಗಲಿಯಲ್ಲಿ ಇಳಿಸಿ ಹೋದ. ಮಾಸ್ತಮ್ಮ ಊರಲ್ಲಿರಲಿಲ್ಲ. ಚೀಲದ ತಳ ಹರಿದು ಕಾಯಿ ಜಗಲಿ ತುಂಬಾ ಚೆಲ್ಲಿತ್ತು. ನಿಮ್ಮ ಅಳಿಯಂದಿರು ಡ್ಯೂಟಿ ಮುಗಿಸಿ ಬಂದವರು ಚೀಲವನ್ನು ಪಕ್ಕಕ್ಕೆ ಎಳೆದರು, ಅಷ್ಟೇ. ಭಾನುವಾರ ಮುಖ ಹಲಸಿನ ಹಣ್ಣು. ಕಣ್ಣು ಎರಡೂ ಮುಚ್ಚಿ, ತುಟಿ ಊದಿ, ನಾಲ್ಕು ದಿನ ರಜೆ. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಸಾಕಾಯಿತು. ಪಾಪ, ನಗಬಾರದು, ನಕ್ಕೆ.

ಆದರೆ ಕೇಳಿ. ಎಲ್ಲ ಕಾಯನ್ನೂ ಆರಿಸಿದವಳು ನಾನು. ಹೆದರಿಕೊಂಡೇ ಆರಿಸಿದೆ, ಬೆರಳೆಲ್ಲ ಸೊನೆಯಾಗಿ ಕಪ್ಪಾಯಿತು. ಮಾರನೇ ದಿನ ನೋಡಿದೆ, ಮೂರನೇ ದಿನ ನೋಡಿದೆ. ಒಂದು ಗುಳ್ಳೆ ಇಲ್ಲ, ಒಂದು ತುರಿಕೆ ಇಲ್ಲ. ಕಪ್ಪು ಮಾತ್ರ ಇದೆ. ಚಿಕ್ಕಂದಿನಿಂದ ಗೇರಿಗೆ ಹೆದರಿದವಳು ಈಗ ಗೇರನ್ನೇ ಗೆದ್ದೆ. ಇದೂ ನಿಮ್ಮ ಪುಡಿಯದೇ ಗುಣ ಇರಬೇಕು ಅಂತ ಇವರ ಹತ್ತಿರ ಹೇಳಿದೆ. ನಿಮಗೆ ಸಂತೋಷವಾಗಲಿ ಅಂತ ಬರೆದಿದ್ದೇನೆ.

ಕೆಮ್ಮು ಹಾಗೇ ಇದೆ. ಸಂಜೆ ಹೊತ್ತು ಸುಸ್ತು. ಜ್ವರ ಇಲ್ಲ.

ರಾಜಿ


(ಕಾರ್ಡು)
ಶಿವಮೊಗ್ಗ
11 ಫೆಬ್ರವರಿ 1961

ರಾಜಿ, ಕಾಯಿ ಹಸಿಯಾಗಿಯೇ ಇದೆ, ನಾನು ಒಡೆದು ನೋಡಿದೆ. ಕೈಗೆ ಎಣ್ಣೆ ಹಚ್ಚಿಕೊಂಡು ಆರಿಸಿದೆಯೋ, ಬರಿಗೈಯಲ್ಲೋ? ಪುಡಿ ಬಿಟ್ಟು ಬೇರೆ ಏನು ತಿನ್ನುತ್ತಿದ್ದೀಯೆ? ಕೆಮ್ಮು ಎಷ್ಟು ದಿನವಾಯಿತು? ಇದೇ ಅಂಚೆಗೆ ಉತ್ತರ ಬೇಕು.


(ಕಾರ್ಡು)
ಜನ್ನಾಪುರ
14 ಫೆಬ್ರವರಿ 1961

ಅಪ್ಪಾಜಿಗೆ ಶರಣು. ಬರಿಗೈ. ಬೇರೆ ಏನೂ ಇಲ್ಲ, ಪುಡಿ ಮಾತ್ರ. ಕೆಮ್ಮು ಕಡಿಮೆಯಾಗಿದೆ. ಯೋಚನೆ ಮಾಡಬೇಡಿ. ರಾಜಿ.


ಕೋಟೆ ರಸ್ತೆ, ಶಿವಮೊಗ್ಗ
18 ಫೆಬ್ರವರಿ 1961

ರಾಜಿಗೆ,

ನಿನ್ನ ಕಾರ್ಡನ್ನು ನಾನು ನಂಬುವುದಿಲ್ಲ. ಕೋಪದಿಂದ ಹೇಳುತ್ತಿಲ್ಲ, ನಿಧಾನವಾಗಿ ಓದು.

ನಿನಗೆ ಏಳು ವರ್ಷವಿದ್ದಾಗ ನನ್ನ ಗೇರಿನ ಚೀಲದ ಮೇಲೆ ಕೂತು ಒಂಬತ್ತು ದಿನ ಕಣ್ಣು ಬಿಡಲಿಲ್ಲ. ಒಂದು ಸಲ ಗೇರಿನ ಮೇಲೆ ಮುನಿದ ಮೈ ಅದನ್ನು ಮರೆಯುವುದಿಲ್ಲ, ವರ್ಷ ಕಳೆದಷ್ಟೂ ಮುನಿಸು ಜಾಸ್ತಿಯಾಗುತ್ತದೆ. ಮೊದಲು ನಾನೂ ನಿನ್ನ ಹಾಗೆಯೇ ಹಿಗ್ಗಿದೆ. ನನ್ನ ಪುಡಿಯಲ್ಲೇ ಗೇರಿದೆಯಲ್ಲ, ತಿಂದು ತಿಂದು ಮೈ ಒಗ್ಗಿರಬೇಕು ಅಂದುಕೊಂಡೆ. ಆಮೇಲೆ ನನ್ನ ಕೈ ನೋಡಿಕೊಂಡೆ. ಕೊಡುವ ಮೊದಲು ಪ್ರತಿ ಪುಡಿಯನ್ನೂ ನಾನು ತಿನ್ನುತ್ತೇನೆ, ನಲವತ್ತು ವರ್ಷವಾಯಿತು. ಇಟ್ಟಿಗೆ ಪುಡಿಯಲ್ಲಿ ಉಜ್ಜಿ ಗೇರಿನ ಸೊನೆ ತೆಗೆಯುವಾಗ ಎಣ್ಣೆ ಹಚ್ಚಿಕೊಳ್ಳದಿದ್ದರೆ ಈಗಲೂ ನನ್ನ ಮಣಿಕಟ್ಟು ಊದುತ್ತದೆ. ನಲವತ್ತು ವರ್ಷದಲ್ಲಿ ನನಗೆ ಆಗದ್ದು ನಿನಗೆ ಎರಡು ವರ್ಷದಲ್ಲಿ ಹೇಗಾಯಿತು? ಕಾಯಿ ಸತ್ತಿತ್ತು ಅನ್ನುವ ಹಾಗಿಲ್ಲ, ಅಳಿಯಂದಿರು ಷಡಕ್ಷರಪ್ಪನವರ ಮುಖವೇ ಸಾಕ್ಷಿ.

ಊದುವುದು, ಕೆಂಪಾಗುವುದು, ಜ್ವರ ಬರುವುದು, ಇವೇ ಕಾಯಿಲೆ ಅಂತ ಜನ ತಿಳಿಯುತ್ತಾರೆ. ಅದು ಮೈ ಕೂಗುವುದು. ನಿಮ್ಮೂರಿನ ಕಾರ್ಖಾನೆ ಒಂದು ದಿನ ಕೂಗದಿದ್ದರೆ ಬೆಳಗಾಗಿಲ್ಲ ಅಂತ ಅರ್ಥವೇ? ನಿನ್ನ ಮೈ ಕೂಗುವುದನ್ನು ಬಿಟ್ಟಿದೆ. ಗೇರಿಗೆ ಕೂಗಲಿಲ್ಲ. ಹಾಗಾದರೆ ಎರಡೂವರೆ ತಿಂಗಳ ಕೆಮ್ಮಿಗೆ ಜ್ವರ ಇಲ್ಲ ಅನ್ನುತ್ತೀಯಲ್ಲ, ಆ ಮಾತನ್ನು ನಾನು ಹೇಗೆ ನಂಬಲಿ? ಮೂರು ದಿನದಿಂದ ಇದೇ ಯೋಚನೆ. ನನಗೆ ಭಯವಾಗಿದೆ ರಾಜಿ.

ನಿನ್ನೆ ಆಸ್ಪತ್ರೆಯ ಮೆಟ್ಟಿಲು ಹತ್ತಿದೆ. ಎಪ್ಪತ್ತು ವರ್ಷಕ್ಕೆ ಮೊದಲ ಸಲ. ಅಲ್ಲಿ ಚಂದ್ರಶೇಖರಪ್ಪ ಅಂತ ಡಾಕ್ಟರಿದ್ದಾನೆ, ಚಿಕ್ಕವನಿದ್ದಾಗ ಅವನ ಮೂಗು ಹಿಡಿದು ನಾನೇ ಕಷಾಯ ಕುಡಿಸಿದ್ದೆ. ಎಲ್ಲ ಹೇಳಿದೆ. ಅವನು ನಗಲಿಲ್ಲ. "ಗುಂಡು ಮುಖ, ಏರದ ಬಳೆ, ರಾತ್ರೋರಾತ್ರಿ ಬಾವು ಇಳಿದದ್ದು. ಪಂಡಿತರೇ, ಅದು ನಿಮ್ಮ ಪುಡಿ ಅಲ್ಲ, ಹೀಗೆ ಮಾಡುವ ಮಾತ್ರೆ ಒಂದಿದೆ" ಅಂದ. ಎರಡು ಮಾತು ಹೇಳಿ ಕಳಿಸಿದ್ದಾನೆ. ಒಂದು, ಆ ಮಾತ್ರೆಯನ್ನು ಹೆದರಿಕೊಂಡು ಥಟ್ಟನೆ ನಿಲ್ಲಿಸಬಾರದು, ಜೀವಕ್ಕೇ ಅಪಾಯ. ಎರಡು, ಕೊಟ್ಟ ಡಾಕ್ಟರ ಹತ್ತಿರ ನಾಳೆಯೇ ಹೋಗಿ ಎದೆಯ ಎಕ್ಸ್-ರೇ ತೆಗೆಸಬೇಕು.

ಇನ್ನೊಂದು ಮಾತಿದೆ. ಇದನ್ನು ನಿನಗೆ ಹನ್ನೊಂದು ವರ್ಷದಿಂದ ಹೇಳಿಲ್ಲ.

ನಿಮ್ಮವ್ವನಿಗೆ ನನ್ನ ಪುಡಿಯಿಂದ ಕಡಿಮೆಯಾಗಿರಲಿಲ್ಲ. ನಾನು ದಿನಾ ಬೆಳಗ್ಗೆ ಪೂಜೆ ಮುಗಿಸಿ "ಹೇಗಿದೆ ಶಂಕರಮ್ಮ?" ಅಂತ ಕೇಳುತ್ತಿದ್ದೆ. "ಕಡಿಮೆಯಾಗಿದೆ ರೀ" ಅನ್ನುತ್ತಿದ್ದಳು. ಪ್ರತಿ ದಿನ, ಎರಡು ವರ್ಷ. ಅವಳು ಹೋದ ಮೇಲೆ ಎದುರು ಮನೆಯ ಕಾಶಮ್ಮ ಬಂದು ಹೇಳಿದರು. ಜ್ವರ, ಎದೆನೋವು ಎಲ್ಲ ಇತ್ತಂತೆ. ಡಾಕ್ಟರಿಗೆ ತೋರಿಸೋಣ ಬಾ ಅಂದರೆ, "ಬ್ಯಾಡ ಕಾಶಮ್ಮಾರೆ. ಪಂಡಿತರ ಹೆಂಡ್ತೀನೇ ಡಾಕ್ಟ್ರ ಹತ್ರ ಹೋದ್ಲು ಅಂದ್ರೆ ಅವರ ಮುಖ ಏನಾಗಬೇಕು?" ಅಂದಳಂತೆ.

ನನಗೆ ನೋವಾಗಬಾರದು ಅಂತ ಅವಳು ಸತ್ತಳು. ನೀನು ಸಾಯುವುದು ಬೇಡ. ನನಗೆ ನೋವಾಗಲಿ.

ಅಪ್ಪ


ಜನ್ನಾಪುರ
16 ಮಾರ್ಚ್ 1961

ಅಪ್ಪಾಜಿ,

ಸುಮಾರು ಒಂದು ತಿಂಗಳು ಬರೆಯಲಿಲ್ಲ. ಈಗ ಬರೆಯುವುದು ಸೊಟ್ಟಗಿದೆ, ಈ ಸಲ ಎರಡನೇ ಕ್ಲಾಸಿನದಲ್ಲ. ಬೆರಳು ಮತ್ತೆ ಊದಿವೆ. ಇವರು ಬರೆದುಕೊಡುತ್ತೇನೆ ಅಂದರು. ಬೇಡ ಅಂದೆ, ಇದನ್ನು ನಾನೇ ಬರೆಯಬೇಕು.

ನಿಮ್ಮ ಕಾಗದ ಬಂದ ದಿನವೇ ಡಾಕ್ಟರ ಹತ್ತಿರ ಹೋದೆವು. ಎಡಗಡೆ ಶ್ವಾಸಕೋಶದಲ್ಲಿ ಕ್ಷಯ. ಡಾಕ್ಟರ್ ತ್ರಿವಿಕ್ರಮ ಎಕ್ಸ್-ರೇಯನ್ನು ಕಿಟಕಿಗೆ ಹಿಡಿದು ನೋಡಿದರು. ಆಮೇಲೆ ಬೈದರು. "ಹದಿನೈದು ದಿನಕ್ಕೆ ಬಾ ಅಂದ್ರೆ ಆರು ತಿಂಗಳಿಗೆ ಬರ್ತೀರಿ. ಯಾವಾಗ್ಲೋ ಮೈಯೊಳಗೆ ಸೇರಿ ಮಲಗಿತ್ತು, ಮೈ ಅದನ್ನ ಕಾವಲು ಕಾಯ್ತಿತ್ತು. ಕಾವಲಿನವರ ಕೈನೇ ನೀವು ಕಟ್ಟಿಹಾಕಿದ್ರಿ." ಜ್ವರ ಬರಬೇಕಾಗಿದ್ದದ್ದು ಬರದೆ ಇದ್ದದ್ದೂ ಅದೇ ಮಾತ್ರೆಯಿಂದಂತೆ. ಇನ್ನೆರಡು ತಿಂಗಳು ಹೀಗೇ ಹೋಗಿದ್ದರೆ ಅಂತ ಅರ್ಧಕ್ಕೆ ನಿಲ್ಲಿಸಿದರು. ಗೇರಿನ ವಿಷಯ ಹೇಳಿದೆ. ಅವರು ಕುರ್ಚಿಯಿಂದ ಎದ್ದು, "ಇದನ್ನ ಕಂಡುಹಿಡಿದೋರು ಯಾರು?" ಅಂತ ಕೇಳಿದರು. ನಮ್ಮ ತಂದೆ ಅಂದೆ. ಕ್ಷಯ ಅಂದಾಗ ಬರದ ಅಳು ಆಗ ಬಂತು.

ಈಗ ದಿನಾ ಒಂದು ಸೂಜಿ, ಜೊತೆಗೆ ಹಿಡಿ ತುಂಬಾ ಬಿಲ್ಲೆ. ಒಂದೂವರೆ ವರ್ಷ ಅಂತೆ. ಬಿಳಿ ಮಾತ್ರೆಯನ್ನು ಆರರಿಂದ ಒಂದೊಂದೇ ಇಳಿಸುತ್ತಿದ್ದಾರೆ. ಇಳಿದ ಹಾಗೆಲ್ಲ ಕೀಲು ಅದನ್ನೇ ಕೇಳುತ್ತದೆ. ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದೇನೆ. ನೀವು ಬರಬೇಡಿ, ಈ ವಯಸ್ಸಿಗೆ ನಿಮಗೆ ಅಂಟಿಸಲಾರೆ.

ಇದರ ಜೊತೆ ಅಕ್ಟೋಬರಿನಲ್ಲಿ ಬರೆದು ಅಂಚೆಗೆ ಹಾಕದ ಕಾಗದ ಇಟ್ಟಿದ್ದೇನೆ. ಅದನ್ನು ಅವತ್ತೇ ಹಾಕಿದ್ದರೆ ಇಷ್ಟಾಗುತ್ತಿರಲಿಲ್ಲ. ಅಮೀರುನ್ನೀಸಾ ಅವರಿಗೆ ನೀವೇ ಹೇಳಿ. ನನ್ನನ್ನು ನೋಡಿ ಸೂಜಿ ಬಿಟ್ಟವರು ಅವರು.

ತಪ್ಪಾಯಿತು ಅಪ್ಪಾಜಿ. ಅವ್ವನ ವಿಷಯ ಓದಿದೆ. ನಾನು ಅವ್ವನ ಹಾಗಿದ್ದೇನೆ ಅಂತ ಎಲ್ಲರೂ ಹೇಳುತ್ತಿದ್ದರು. ಇಷ್ಟು ಹಾಗಿದ್ದೇನೆ ಅಂತ ಗೊತ್ತಿರಲಿಲ್ಲ.

ರಾಜಿ


ಕೋಟೆ ರಸ್ತೆ, ಶಿವಮೊಗ್ಗ
31 ಮಾರ್ಚ್ 1961

ರಾಜಿಗೆ ಆಶೀರ್ವಾದ.

ಎರಡು ಕಾಗದವನ್ನೂ ಓದಿದೆ. ಲೋಟಕ್ಕೆ ಬಾಯಿ ಹಾಕಿ ನೀರು ಕುಡಿದೆ ಅಂತ ಬರೆದ ಜಾಗದಲ್ಲಿ ಕನ್ನಡಕ ತೆಗೆದಿಟ್ಟೆ.

ಹೋದ ವಾರ ಸೋಮವಾರ ಬೆಳಗ್ಗೆ ಆಲ್ಕೊಳದ ಕಡೆಗೆ ನಡೆದುಕೊಂಡು ಹೋದೆ, ಬಾಬು ಸಾಬನ ಮನೆ ಅಲ್ಲಿದೆ. ಅವನು ಡ್ಯೂಟಿಗೆ ಹೋಗಿದ್ದ. ಅಮೀರುನ್ನೀಸಾ ಚಾಪೆ ಹಾಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, "ತಾಯಿ, ನನ್ನ ಮಗಳಿಗೆ ಗುಣವಾದದ್ದು ನನ್ನ ಪುಡಿಯಿಂದ ಅಲ್ಲ. ನಾನು ನಿನ್ನ ಆರು ತಿಂಗಳು ಹಾಳು ಮಾಡಿದೆ, ಆಸ್ಪತ್ರೆಗೆ ಹೋಗು" ಅಂದುಬಿಟ್ಟೆ.

ಅವಳು ತಲೆ ಮೇಲಿನ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ಪಂಡಿತ್‌ಜೀ. ನಂಗೂ ಏನೂ ಫರಕ್ ಆಗಿಲ್ಲ. ಜಾಸ್ತಿನೇ ಆಗಿದೆ."

"ಮತ್ತೆ ಪ್ರತಿ ಸಲ ಸ್ವಲ್ಪ ಕಡಿಮೆ ಅಂದ್ಯಲ್ಲ ತಾಯಿ?"

"ನೀವು ಒಂದ್ ಕಾಸು ಮುಟ್ಟಲ್ಲ. ವಯಸ್ಸಾದೋರು. ಅಷ್ಟು ಆಸೆ ಇಟ್ಕೊಂಡು ಕೇಳ್ತೀರಿ. ಆಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವಳು ಚಹಾ ಕೊಟ್ಟಳು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದಳು, ಒಂದು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಆರು ತಿಂಗಳಲ್ಲಿ ನಾನು ಅವಳ ನಾಡಿ ನೋಡಿದೆ, ನಾಲಿಗೆ ನೋಡಿದೆ, ಅದನ್ನು ನೋಡಿರಲಿಲ್ಲ. ಮಾರನೇ ದಿನ ನಾನೇ ಅವಳನ್ನು ಚಂದ್ರಶೇಖರಪ್ಪನ ಹತ್ತಿರ ಕರೆದುಕೊಂಡು ಹೋದೆ.

ರಾಜಿ, ಈಗ ನನಗೆ ನಿದ್ದೆ ಬರುತ್ತಿಲ್ಲ. ನಿಮ್ಮವ್ವ ಕಡಿಮೆಯಾಗಿದೆ ಅಂದಳು. ನೀನು ಅಂದೆ. ಇವಳು ಅಂದಳು. ನಲವತ್ತು ವರ್ಷದಲ್ಲಿ ಈ ಜಗಲಿಗೆ ಬಂದು ಕಡಿಮೆಯಾಗಿದೆ ಅಂದವರು ಎಷ್ಟು ಜನ! ಅವರ ಮಾತನ್ನು ನಂಬಿಯೇ ಪುಡಿಗೆ ಇದು ಹೆಚ್ಚಿರಲಿ, ಅದು ಕಡಿಮೆಯಿರಲಿ ಅಂತ ನಾನು ಕಲಿತದ್ದು. ನನ್ನ ವಿದ್ಯೆಯಲ್ಲಿ ವಿದ್ಯೆ ಎಷ್ಟು, ಜನರ ಮರ್ಯಾದೆ ಎಷ್ಟು ಅಂತ ನನಗೆ ಈಗ ಗೊತ್ತಿಲ್ಲ. ಎಲ್ಲವೂ ಸುಳ್ಳು ಅಂತ ಹೇಳಲಾರೆ. ಕೆಲವರು ಹೆಗಲ ಮೇಲೆ ಬಂದವರು ನಡೆದು ಹೋದದ್ದನ್ನು ಈ ಕಣ್ಣಿನಲ್ಲೇ ನೋಡಿದ್ದೇನೆ. ಆದರೆ ಅವರು ಯಾರು, ಯಾವ ಪುಡಿಗೆ ಅಂತ ಕೇಳಿದರೆ ನಾನು ಬೆರಳಿಟ್ಟು ತೋರಿಸಲಾರೆ. ಎಪ್ಪತ್ತು ವರ್ಷಕ್ಕೆ ಇದು ತಿಳಿಯಿತು.

ಅದಕ್ಕೆ ಈಗ ಬಂದವರನ್ನು "ಹೇಗಿದೆ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಊದಿದ ಬೆರಳಿಗೆ ದಾರ ಸುತ್ತಿ ಅಳತೆಗೆ ಗಂಟು ಹಾಕುತ್ತೇನೆ, ಹೆಸರು ಬರೆದು ಗೂಟಕ್ಕೆ ಕಟ್ಟುತ್ತೇನೆ. ಮುಂದಿನ ವಾರ ಅದೇ ಬೆರಳು, ಹೊಸ ದಾರ. ದಾರಕ್ಕೆ ನನ್ನ ಮೇಲೆ ಮರ್ಯಾದೆ ಇಲ್ಲ. ಮೊದಲ ವಾರ ಹನ್ನೊಂದು ಜನರನ್ನು ಅಳೆದೆ. ಕೇಳದಿದ್ದರೂ ಬಾಯಲ್ಲಿ ಹನ್ನೊಂದೂ ಜನ ಕಡಿಮೆ ಅಂದರು. ದಾರದಲ್ಲಿ ನಾಲ್ಕು.

ನಿನಗೂ ಅದೇ. ಬಲಗೈ ನಡುಬೆರಳಿಗೆ ದಾರ ಸುತ್ತಿ ಗಂಟು ಹಾಕಿ ವಾರಕ್ಕೊಂದು ಲಕೋಟೆಯಲ್ಲಿ ಕಳಿಸು. ನನ್ನ ಪುಡಿ ಕುಡಿಯಬೇಡ, ಡಾಕ್ಟರು ಕೊಟ್ಟದ್ದನ್ನು ಒಂದು ಬಿಲ್ಲೆಯೂ ತಪ್ಪಿಸಬೇಡ. ದಾರ ಬಿಟ್ಟು ಬೇರೆ ಏನೂ ಬರೆಯುವುದು ಬೇಡ. ಬರೆಯಲೇಬೇಕು ಅನ್ನಿಸಿದರೆ ನಿಜ ಬರೆ.

ಅಪ್ಪ


ಜನ್ನಾಪುರ
9 ಜೂನ್ 1961

ಅಪ್ಪಾಜಿ,

ಇದು ಹತ್ತನೇ ದಾರ. ಹೋದ ವಾರದ್ದಕ್ಕಿಂತ ಉದ್ದ ಇದೆ, ನೀವು ಅಳೆಯುವ ಮೊದಲೇ ಹೇಳುತ್ತೇನೆ.

ಡಾಕ್ಟರು ನಿನ್ನೆ ಕಫ ಪರೀಕ್ಷೆ ಮಾಡಿಸಿ, ಇನ್ನು ಯಾರಿಗೂ ಅಂಟುವುದಿಲ್ಲ ಅಂದರು. ಎದೆಯ ಕಲೆ ಚಿಕ್ಕದಾಗಿದೆ. ಬಿಳಿ ಮಾತ್ರೆ ಒಂದಕ್ಕೆ ಇಳಿದಿದೆ. ಈಗ ಸಂಜೆ ಒಂದೊಂದು ದಿನ ಮೈ ಬಿಸಿಯಾಗುತ್ತದೆ, ಇವರು ಥರ್ಮಾಮೀಟರ್ ಇಟ್ಟು ನೋಡಿ ಬರೆದಿಡುತ್ತಾರೆ.

ಕೈ ಮಾತ್ರ ಮುಷ್ಟಿ ಆಗುವುದಿಲ್ಲ. ಜಡೆ ಇವರು ಹಾಕುತ್ತಾರೆ, ದಿನಾ ಸೊಟ್ಟ. ನಿನ್ನೆ ರಾತ್ರಿ ಹೊದಿಕೆ ಎಳೆದುಕೊಳ್ಳಲಾಗದೆ ಸುಮ್ಮನೆ ಮಲಗಿದ್ದೆ, ಇವರನ್ನು ಎಬ್ಬಿಸಲಿಲ್ಲ.

ಅಪ್ಪಾಜಿ, ತುಂಬಾ ನೋಯ್ತಾ ಇದೆ. ತಡೆಯೋಕೆ ಆಗ್ತಿಲ್ಲ. ಬಸ್ಸಲ್ಲಿ ವಾಂತಿ ಆದ್ರೂ ಪರವಾಗಿಲ್ಲ, ಬನ್ನಿ.

ರಾಜಿ